ಯುಗಾದಿ ಬೇಟೆಗೆ ಮಿಲಿಟ್ರಿ ಬಟ್ಟೆ ಕೇಳಿದ ಹುಡುಗರಿಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ತಮ್ಮಂದಿರೇ,

ಹೋದ ವಾರ ಮಸ್ಕಿ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ನಿಮ್ಮ ಪೈಕಿ ನಾಲ್ಕು ಜನ ನನ್ನ ಬೆಂಚಿಗೆ ಬಂದು ಕೂತಿರಿ. ಒಬ್ಬ ಮೊಬೈಲ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ಯಾವುದೋ ಹಿಮದ ದೇಶದ ವಿಡಿಯೋ. ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ, ಐದಾರು ಸೆಕೆಂಡು ಏನೂ ಅಲುಗಾಡಲಿಲ್ಲ. ಆಮೇಲೆ ಆ ಬಿಳುಪಿನೊಳಗಿಂದಲೇ ಒಬ್ಬ ಮನುಷ್ಯ ಬಂದೂಕು ಹಿಡಿದು ಎದ್ದು ನಿಂತ. ಅಷ್ಟು ಹೊತ್ತೂ ಅವನು ಅಲ್ಲೇ ಇದ್ದ.

"ಕಾಕಾ, ಸಿಯಾಚಿನ್‌ದಾಗ ನೀವೂ ಇಂಥದ್ದ ಹಾಕ್ಕೊಂಡಿದ್ರಂತಲ್ಲ?"

ಹೌದು ಅಂದೆ.

"ಹಂಗಾದ್ರ ನಮಗೊಂದು ನಾಕು ಜೊತಿ ಮಿಲಿಟ್ರಿ ಬಟ್ಟಿ ಕ್ಯಾಂಟೀನ್‌ದಾಗ ಕೊಡಸ್ರಿ. ಯುಗಾದಿ ಬೇಟಿಗೆ ಹೊಂಟೀವಿ. ಮೊಲಕ್ಕ ಕಾಣಬಾರ್ದು ನೋಡ್ರಿ."

ಮೂಲೆಯಲ್ಲಿದ್ದ ಸಣ್ಣವನೊಬ್ಬ ಇನ್ನೂ ಮುಂದಕ್ಕೆ ಹೋದ. "ಹತ್ತಿ ಹೊಲಕ್ಕಂದ್ರ ಬಿಳೀದ ನಡೀತೈತಿ, ಹೌದಲ್ರೀ?"

ನಾನು ನಕ್ಕು, ಚಹಾ ಕುಡಿದು, ರೊಕ್ಕ ಕೊಟ್ಟು ಎದ್ದು ಬಂದೆ. ಮನೆಗೆ ಬಂದ ಮೇಲೆ ತಪ್ಪು ಮಾಡಿದೆ ಅನ್ನಿಸಿತು. ಹದಿನೇಳು ವರ್ಷ ಸೇವೆ ಮಾಡಿ ಬಂದವನನ್ನು ಹುಡುಗರು ಬಟ್ಟೆಯ ಬಗ್ಗೆ ಕೇಳಿದರೆ ಉತ್ತರ ಕೊಡಬೇಕಿತ್ತು. ಅದನ್ನು ಈಗ ಕೊಡುತ್ತಿದ್ದೇನೆ. ನಾಲ್ವರಿಗೇ ಹೇಳಿ ಮುಗಿಸುವಂಥದ್ದಲ್ಲ ಇದು. ಹೋಳಿ ಹುಣ್ಣಿಮೆ ದಾಟಿತೆಂದರೆ ಮೂರೂ ತಾಲೂಕುಗಳಲ್ಲಿ ನಾಯಿಗಳಿಗೆ ಹಾಲು ರೊಟ್ಟಿ ಹಾಕಿ ತಯಾರು ಮಾಡುವವರು ಎಷ್ಟು ಜನ ಎಂದು ನನಗೆ ಗೊತ್ತಿದೆ. ನಾನೂ ಒಂದು ಕಾಲಕ್ಕೆ ಹಲಗೆಯ ಹಿಂದೆ ಓಡಿದವನೇ.

ಮೊದಲು ಆ ಸಣ್ಣವನ ಪ್ರಶ್ನೆ. ನೀವು ಕೇಳಿದ್ದರಲ್ಲಿ ಅದೊಂದೇ ತಲೆ ಓಡಿಸಿ ಕೇಳಿದ್ದು.

ತಮ್ಮಾ, ಅರಳಿದ ಹತ್ತಿ ಹೊಲ ದೂರದಿಂದ ಹಿಮದ ಹಾಗೆ ಕಾಣುತ್ತದೆ, ನಿಜ. ಹತ್ತಿರ ಹೋಗಿ ನೋಡು. ನೆಲ ಕರಿ ಎರೆ, ಗಿಡ ಒಣಗಿದ ಕಂದು, ಅದರ ಮೇಲೆ ಬಿಳಿ ಚುಕ್ಕೆ. ಹಿಮದಲ್ಲಿ ಇದು ತಿರುಗಾಮುರುಗ. ನೆಲ ಬಿಳಿ, ಅದರ ಮೇಲೆ ಬಂಡೆಯದೋ ಗಿಡದ್ದೋ ಕರಿ ಗೆರೆ. ಹತ್ತಿಯಲ್ಲಿ ಬಿಳಿ ಅಂಗಿ ಹಾಕಿಕೊಂಡು ನಿಂತರೆ ಹೊಲದ ನಡುವೆ ಜಾತ್ರೆಯ ಡೇರೆ ಹಾಕಿದ ಹಾಗಿರುತ್ತದೆ. ಅಲ್ಲದೆ ಯುಗಾದಿಯ ಹೊತ್ತಿಗೆ ಹತ್ತಿ ಬಿಡಿಸಿ ಮುಗಿದಿರುತ್ತದೆ, ನಿಂತಿರುವುದು ಬರೀ ಹತ್ತಿಕಟ್ಟಿಗೆ.

ಇನ್ನು ಹಿಮದ ಬಟ್ಟೆಯ ಮಾತು. ಬಿಳಿ ಅಂದರೆ ಒಂದೇ ಬಿಳಿ ಅಂದುಕೊಂಡೇ ನಾನೂ ಮೇಲಕ್ಕೆ ಹೋಗಿದ್ದೆ. ಈಗತಾನೆ ಬಿದ್ದ ಹಿಮ ಕಣ್ಣು ಕುಕ್ಕುವ ಬಿಳಿ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಶೇ. 80ರಿಂದ 90ರಷ್ಟನ್ನು ವಾಪಸು ಎರಚುತ್ತದೆ. ನಾಲ್ಕು ದಿನ ಬಿಸಿಲುಂಡ ಹಿಮ ಬೂದಿ ಬಣ್ಣಕ್ಕೆ ತಿರುಗುತ್ತದೆ. ನೆರಳಿನಲ್ಲಿರುವ ಹಿಮ ನೀಲಿ. ಚಿತ್ರ ಬರೆಯುವವರು ಸುಳ್ಳು ಹೇಳುವುದಿಲ್ಲ, ಅದು ನಿಜವಾಗಿಯೂ ನೀಲಿ. ಹಾಗಾಗಿ ಬಯಲಿನಲ್ಲಿ ಮೈಮುಚ್ಚಿದ ಬಿಳಿ ಸೂಟು ನಡೆಯುತ್ತದೆ. ಗಿಡಮರ ಇದ್ದಲ್ಲಿ ಅದೇ ಸೂಟು ಮೋಸ ಮಾಡುತ್ತದೆ. ಅಲ್ಲಿ ನಿನ್ನ ಕಾಲಿನ ಹಿಂದೆ ಇರುವುದು ಹಿಮ, ಎದೆಯ ಹಿಂದೆ ಇರುವುದು ಮರದ ಬೊಡ್ಡೆ. ಅದಕ್ಕೇ ತಿಳಿದವರು ಅಂಥ ಕಡೆ ಕೆಳಗೆ ಬಿಳಿ ಪ್ಯಾಂಟು, ಮೇಲೆ ಕಂದು ಬೂದು ಮಚ್ಚೆಯ ಅಂಗಿ ಹಾಕುತ್ತಾರೆ.

ಬಣ್ಣ ಸರಿಯಾದ ಮೇಲೂ ಮನುಷ್ಯ ಸಿಕ್ಕಿಬೀಳುತ್ತಾನೆ. ಇಳಿಬಿಸಿಲಿನಲ್ಲಿ ಹಿಮದ ಮೇಲೆ ಬೀಳುವ ಕರಿ ನೆರಳಿಗೆ ಯಾವ ಅಂಗಿಯನ್ನೂ ಹೊದಿಸಲಿಕ್ಕಾಗುವುದಿಲ್ಲ. ಹೆಜ್ಜೆ ಗುರುತು ಮನೆಯವರೆಗೆ ದಾರಿ ತೋರಿಸುತ್ತದೆ. ಉಸಿರು ಹೊಗೆಯಾಗಿ ಏಳುತ್ತದೆ. 1939ರ ನವೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ಬಿದ್ದಾಗ ಸಿಮೊ ಹೈಹಾ ಎಂಬ ರೈತನ ಮಗ ಬಿಳಿ ಬಟ್ಟೆಯಲ್ಲಿ ಹಿಮದಲ್ಲಿ ಹೂತುಕೊಂಡು ಕೂರುತ್ತಿದ್ದ. ಉಸಿರಿನ ಹೊಗೆ ಕಾಣಬಾರದೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದನಂತೆ. ಅವನು ಮೊದಲಿನಿಂದ ಬೇಟೆಗಾರ. ಈ ಕಥೆ ಕೇಳಿದರೆ ನಿಮಗೆ ಹುರುಪು ಬರುತ್ತದೆಂದು ನನಗೆ ಗೊತ್ತು, ಆದ್ದರಿಂದ ಉಳಿದದ್ದನ್ನೂ ಹೇಳುತ್ತೇನೆ: ಆ ಯುದ್ಧ ಮುಗಿಯಲು ವಾರವಿರುವಾಗ ಅವನ ದವಡೆಗೆ ಗುಂಡು ಬಿತ್ತು, ಮುಖ ಕೊನೆಯವರೆಗೂ ಸರಿಹೋಗಲಿಲ್ಲ.

ನಮ್ಮ ಬಿಳಿ ಬಟ್ಟೆಯ ಪಾಡು ಬೇರೆ. ಪೋಸ್ಟ್‌ನಲ್ಲಿ ಹಗಲೂ ರಾತ್ರಿ ಸೀಮೆಎಣ್ಣೆ ಸ್ಟೋವ್ ಉರಿಯುತ್ತದೆ. ಹಿಮ ಕರಗಿಸಿ ನೀರು ಮಾಡುವುದಕ್ಕೂ ಅದೇ, ಬೆಚ್ಚಗಿರುವುದಕ್ಕೂ ಅದೇ. ಅದರ ಮಸಿ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ: ಮೂಗಿನಲ್ಲಿ, ಉಗುರಿನ ಸಂದಿಯಲ್ಲಿ, ಚಪಾತಿಯ ಮೇಲೆ. ಬಿಳಿ ಸೂಟಿನ ತೋಳು ಹದಿನೈದು ದಿನದಲ್ಲಿ ಹಂಚಿನ ಹಿಂಬದಿ ಒರೆಸಿದ ಅರಿವೆಯಾಗುತ್ತಿತ್ತು. ಒಗೆಯಲು ನೀರಿಲ್ಲ, ಒಗೆದರೂ ಒಣಗುವ ಬದಲು ಹಲಗೆಯಂತೆ ಸೆಟೆಯುತ್ತದೆ. ಮೈನಸ್ ನಲವತ್ತರಲ್ಲಿ ನಮ್ಮ ಮೊದಲ ಚಿಂತೆ ಕಾಣುತ್ತೇವೋ ಇಲ್ಲವೋ ಎಂಬುದಾಗಿರಲಿಲ್ಲ, ಬೆವರುತ್ತೇವೋ ಇಲ್ಲವೋ ಎಂಬುದಾಗಿತ್ತು. ಬೆವರಿದರೆ ಒಳಗಿನ ಬಟ್ಟೆ ಹಸಿಯಾಗುತ್ತದೆ, ನಿಂತ ಕೂಡಲೇ ಆ ಹಸಿ ಮಂಜುಗಡ್ಡೆ. ಅದಕ್ಕೇ ಅಲ್ಲಿ ಮೈಗೆ ಹತ್ತಿ ಬಟ್ಟೆ ತಾಗಿಸಿಕೊಳ್ಳಬಾರದು. ಹತ್ತಿ ಬೆಳೆಯುವ ಊರಿನವನಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು.

ಬಟ್ಟೆಯ ಮಾತು ಬಂತೆಂದು ಇನ್ನೊಂದು. ಸಿಯಾಚಿನ್ ನಮ್ಮ ಕೈಗೆ ಬಂದದ್ದರ ಹಿಂದೆ ಬಟ್ಟೆಯ ಆರ್ಡರ್ ಒಂದಿದೆ ಎಂದು ಸೈನ್ಯದಲ್ಲಿ ಹೇಳುತ್ತಾರೆ. ಪಾಕಿಸ್ತಾನ ಲಂಡನ್ನಿನ ಅಂಗಡಿಯೊಂದಕ್ಕೆ ಭಾರಿ ಚಳಿಯ ಬಟ್ಟೆಗೆ ಹೇಳಿತಂತೆ. ನಾವೂ ಅಲ್ಲಿಂದಲೇ ತರಿಸುತ್ತಿದ್ದವರು, ಸುದ್ದಿ ನಮ್ಮ ಕಿವಿಗೂ ಬಿತ್ತು. 1984ರ ಏಪ್ರಿಲ್ 13ಕ್ಕೆ ನಮ್ಮವರು ಮೇಲೆ ಇಳಿದರು. ಚಳಿಗೆಂದು ಹೊಲಿಸಿದ ಬಟ್ಟೆಯೇ ಗುಟ್ಟು ಬಿಟ್ಟುಕೊಟ್ಟ ಕಥೆ ಇದು.

ಈಗ ನಿಮ್ಮ ವಿಡಿಯೋದಲ್ಲಿ ತೋರಿಸದ ಸಂಗತಿ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಹೋಗುವವನು ಲೈಸೆನ್ಸ್ ತೆಗೆದುಕೊಳ್ಳಬೇಕು, ಋತು ನೋಡಬೇಕು. ಅದರ ಮೇಲೆ, ಎಂಥ ಬಿಳಿ ಬಟ್ಟೆ ಹಾಕಿದ್ದರೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ಟು, ಟೋಪಿ ಹಾಕಲೇಬೇಕೆಂದು ಕಾನೂನು. ಬೇಟೆಗಾರನ ಗುಂಡು ಬೇಟೆಗಾರನಿಗೇ ಬಡಿಯಬಾರದಲ್ಲ. ಜಿಂಕೆಗೆ ಕೆಂಪು, ಕಿತ್ತಳೆ ನಮ್ಮ ಹಾಗೆ ಬೇರೆಯಾಗಿ ಕಾಣುವುದಿಲ್ಲ, ಮಾಸಲಾಗಿ ಹೋಗುತ್ತದೆ. ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ. ಹೊಳಪು ಬರಲೆಂದು ಸೋಪಿನ ಪುಡಿಯಲ್ಲಿ ಬೆರೆಸುವ ರಾಸಾಯನಿಕ ಬಟ್ಟೆಯಿಂದ ನೀಲಿ ಬೆಳಕು ಸೂಸುವಂತೆ ಮಾಡುತ್ತದೆ, ಹಾಗಾಗಿ ಅಲ್ಲಿನ ಎಷ್ಟೋ ಬೇಟೆಗಾರರು ಆ ಪುಡಿಯನ್ನೇ ಮುಟ್ಟುವುದಿಲ್ಲ. ಹಿಮನಾಡಿನ ಹಿಮಸಾರಂಗದ ಕಣ್ಣು ಇನ್ನೂ ಚುರುಕು, ನಮಗೆ ಕಾಣದ ಅತಿನೇರಳೆ ಬೆಳಕೂ ಅದಕ್ಕೆ ಕಾಣುತ್ತದೆಂದು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಿಮ ಆ ಬೆಳಕನ್ನು ಎರಚುತ್ತದೆ, ಬಿಳಿ ತುಪ್ಪಳ ಅದನ್ನು ಹೀರುತ್ತದೆ. ನಮಗೆ ಬಿಳಿಯ ಮೇಲೆ ಬಿಳಿಯಾಗಿ ಕಾಣುವ ಪ್ರಾಣಿ ಅದಕ್ಕೆ ಬಿಳಿಯ ಮೇಲೆ ಕಪ್ಪು. ಅಂಗಡಿಯವನ ಕಣ್ಣಿಗೆ ಒಪ್ಪಿದ ಬಟ್ಟೆ ಪ್ರಾಣಿಯ ಕಣ್ಣಿಗೂ ಒಪ್ಪಬೇಕೆಂದೇನಿಲ್ಲ.

ಆ ಬಿಳಿ ಬಟ್ಟೆ, ಕಿತ್ತಳೆ ಜಾಕೆಟ್ಟಿನ ಹಾಗೆ ನಮಗೂ ಸಿಯಾಚಿನ್‌ನಲ್ಲಿ ಎರಡು ಬಗೆ ಇತ್ತು. ಮೈಮೇಲೆ ಬಿಳಿ ಸೂಟು, ಸೊಂಟಕ್ಕೆ ಉದ್ದನೆಯ ಕೆಂಪು ದಾರ. ಹಿಮಪಾತದಲ್ಲಿ ಸಿಕ್ಕಿ ಹೂತುಹೋದರೆ ಹಗುರಾದ ಆ ದಾರ ಮೇಲೆ ತೇಲಿ ಉಳಿಯಲಿ, ಅದನ್ನು ಹಿಡಿದು ಅಗೆದು ತೆಗೆಯಲಿ ಎಂದು. ಶತ್ರುವಿಗೆ ಕಾಣಬಾರದು, ಜೊತೆಗಾರನಿಗೆ ಕಾಣಬೇಕು. 2016ರ ಫೆಬ್ರುವರಿ 3ರಂದು ಹತ್ತೊಂಬತ್ತು ಸಾವಿರ ಅಡಿಗೂ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮದ ಗೋಡೆ ಕುಸಿದಾಗ ಹತ್ತು ಜನ ಅದರಡಿ ಹೋದರು. ಕುಂದಗೋಳ ತಾಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಆರನೇ ದಿನ ಜೀವಂತ ತೆಗೆದರು, 11ನೇ ತಾರೀಖು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಡುಕಲು ಹೋದ ತಂಡದಲ್ಲಿ ಡಾಟ್, ಮಿಶಾ ಎಂಬ ನಾಯಿಗಳಿದ್ದವು. ಬೇಟೆಗೆಂದು ಸಾಕಿದ ನಿಮ್ಮ ನಾಯಿಗಳ ಮೂಗೂ ಅಂಥದೇ ಮೂಗು, ಅದನ್ನು ಕಡಿಮೆ ಅನ್ನುತ್ತಿಲ್ಲ.

ಹಿಮದ ಮಾತು ಸಾಕು. ನಮ್ಮ ನೆಲಕ್ಕೆ ಬರೋಣ.

ಮಸ್ಕಿ ಗುಡ್ಡ, ಮುದಗಲ್ಲಿನ ಸುತ್ತಲ ಬೋರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟದ ಸಿಂಧನೂರು ಕಡೆಯ ಮಸಬು ಭೂಮಿ. ಯುಗಾದಿಯ ಹೊತ್ತಿಗೆ ಇಲ್ಲಿ ಹಸಿರು ಎಂಬುದೆಲ್ಲಿದೆ? ಒಣಹುಲ್ಲು, ಕೆಂಪು ಮಣ್ಣು, ಬೂದಿ ಬಂಡೆ, ಜೋಳದ ಕೂಳೆ. ಸಂತೆಯಲ್ಲಿ ತೂಗುಹಾಕಿರುವ ಮಿಲಿಟ್ರಿ ಪ್ರಿಂಟು ಕಡುಹಸಿರು, ಅದನ್ನು ಹಾಕಿ ನಮ್ಮ ಗುಡ್ಡದಲ್ಲಿ ನಿಂತವನು ಅರ್ಧ ಮೈಲಿಯಿಂದ ಕಾಣುತ್ತಾನೆ.

ಉತ್ತರ ಅಮೆರಿಕದಲ್ಲಿ ಒಂದು ಜಾತಿಯ ಮೊಲವಿದೆ. ಬೇಸಿಗೆಯಲ್ಲಿ ಕಂದು, ಚಳಿಗಾಲಕ್ಕೆ ಬಿಳಿ. ಅದು ಅಂಗಿ ಬದಲಿಸುವುದು ಹಿಮ ನೋಡಿ ಅಲ್ಲ, ಹಗಲು ಎಷ್ಟು ಗಿಡ್ಡವಾಯಿತೆಂದು ನೋಡಿ. ಈಚೆಗೆ ಹಿಮ ತಡವಾಗಿ ಬೀಳುತ್ತದೆ, ಬೇಗ ಕರಗುತ್ತದೆ. ಪಾಪ, ಮೊಲ ಮಾತ್ರ ಪಂಚಾಂಗ ತಪ್ಪದೆ ಬಿಳಿಯಾಗಿ ಕಂದು ನೆಲದ ಮೇಲೆ ಕೂತಿರುತ್ತದೆ. ತಾನು ಕಾಣುತ್ತಿಲ್ಲವೆಂದೇ ಅದು ಅಲುಗಾಡದೆ ಕೂರುವುದು. ಹಾಗೆ ಕೂತವು ಹೆಚ್ಚು ಸಾಯುತ್ತಿವೆ ಎಂದು ಕುತ್ತಿಗೆಗೆ ರೇಡಿಯೋ ಕಟ್ಟಿ ಲೆಕ್ಕ ಹಾಕಿದ್ದಾರೆ. ಸಂತೆಯ ಹಸಿರು ಬಟ್ಟೆಯಲ್ಲಿ ನಿಮ್ಮನ್ನು ನೋಡಿದರೆ ನನಗೆ ಆ ಮೊಲದ ನೆನಪಾಗುತ್ತದೆ. ಬೈಯುತ್ತಿಲ್ಲ, ಇದ್ದದ್ದು ಹೇಳಿದೆ.

ನಮ್ಮ ಮೊಲಕ್ಕೆ ಆ ತಾಪತ್ರಯ ಇಲ್ಲ. ವರ್ಷಪೂರ್ತಿ ಒಂದೇ ಅಂಗಿ. ಹನ್ನೆರಡರ ವಯಸ್ಸಿನಲ್ಲಿ ನಾನೊಮ್ಮೆ ಜೋಳದ ಕೂಳೆಯಲ್ಲಿ ದನ ತಿರುವಲು ಹೋದಾಗ ಕಾಲಿನಿಂದ ಒಂದು ಮೊಳ ದೂರದಲ್ಲಿ ಕೂತಿದ್ದನ್ನು ಕಂಡೆ. ಕಂಡೆ ಅನ್ನುವುದೂ ತಪ್ಪು, ಮೊದಲು ಕಂಡದ್ದು ಕಣ್ಣು ಮಾತ್ರ. ಮಣ್ಣಿನ ಹೆಂಟೆಯೊಳಗೆ ಒಂದು ಒದ್ದೆ ಕಣ್ಣು. ಆಮೇಲೆ ನಿಧಾನಕ್ಕೆ ಹೆಂಟೆಯ ಸುತ್ತ ಮೊಲ ಮೂಡಿತು. ಬೆನ್ನಿಗೆ ಅಂಟಿಸಿಕೊಂಡ ಕಿವಿ, ಕುತ್ತಿಗೆಯ ಹಿಂದೆ ಕರಿ ಮಚ್ಚೆ, ಯಾವಾಗಲೂ ಅಲುಗುವ ಮೂಗು ಕೂಡ ನಿಂತಿತ್ತು. ಅದು ಬಿಲ ತೋಡುವುದಿಲ್ಲ. ಮೈಯಷ್ಟಗಲದ ತಗ್ಗು ಮಾಡಿಕೊಂಡು ಹಗಲೆಲ್ಲ ಹಾಗೇ ಕೂರುತ್ತದೆ, ಮರಿಗಳೂ ಕಣ್ಣು ತೆರೆದೇ, ತುಪ್ಪಳ ಹೊತ್ತೇ ಹುಟ್ಟುತ್ತವೆ. ತಲೆಯ ಎರಡೂ ಬದಿಗಿರುವ ಆ ಕಣ್ಣುಗಳಿಗೆ ಹಿಂದೆ ಮುಂದೆ ಎಲ್ಲ ಕಾಣುತ್ತದೆ, ಮೂಗಿನ ನೇರ ಮುಂದೆ ಅಷ್ಟು ಜಾಗ ಬಿಟ್ಟು. ಬಣ್ಣದ ಭೇದ ಅದಕ್ಕೆ ಅಷ್ಟಕ್ಕಷ್ಟೆ. ಅದು ಹಿಡಿಯುವುದು ಅಲುಗಾಟ, ಸಪ್ಪಳ, ವಾಸನೆ. ಹಲಗೆ ಬಾರಿಸುತ್ತಾ, ಹದಿನೈದು ನಾಯಿ ಬಿಟ್ಟುಕೊಂಡು, ಬೈಕಿನ ಸೈಲೆನ್ಸರ್ ಕಿತ್ತು ಹೋಗುವವರಿಗೆ ಮರೆಯಾಗುವ ಬಟ್ಟೆ ಯಾತಕ್ಕೆ ತಮ್ಮಂದಿರೇ? ಹೇಳಿಕೇಳಿ ನಿಮ್ಮದು ಎಬ್ಬಿಸಿ ಓಡಿಸುವ ಬೇಟೆ. ರಾತ್ರಿ ತಲೆಗೆ ಬ್ಯಾಟರಿ ಕಟ್ಟಿಕೊಂಡು ಹೋಗುವವರಿಗಂತೂ ಯಾವ ಬಟ್ಟೆಯೂ ಬೇಡ, ಬೆಳಕು ಬಡಿದ ಮೊಲ ಅಲ್ಲೇ ನಿಂತುಬಿಡುತ್ತದೆ. ಅದನ್ನು ಬೇಟೆ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಅಂದರೆ ಬಟ್ಟೆ ಬೇಕಾದದ್ದು ಮೊಲಕ್ಕಾಗಿ ಅಲ್ಲ, ಫೋಟೋಕ್ಕಾಗಿ. ಅದಕ್ಕೂ ಎರಡು ಮಾತು ಕೇಳಿ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ತೊಟ್ಟಿದ್ದು ಸೈನಿಕರ ಬಟ್ಟೆಯನ್ನೇ. ಆಮೇಲೆ ಸೈನ್ಯ ನಾಗರಿಕರಿಗೆ ಈ ಬಟ್ಟೆ ತೊಡಬೇಡಿ ಎಂದು ಕೇಳಿಕೊಂಡಿತು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ತೊಟ್ಟರೆ ಅದು ಅಪರಾಧ, ಸೆರೆಮನೆಯೂ ಉಂಟು. 2022ರ ಸೇನಾ ದಿನದಂದು ಹೊರಬಂದ ಹೊಸ ಚಿತ್ತಾರಕ್ಕೆ ಸೈನ್ಯ ತನ್ನ ಹೆಸರಿನಲ್ಲಿ ಹಕ್ಕನ್ನೂ ನೋಂದಾಯಿಸಿಕೊಂಡಿದೆ. ಆದ್ದರಿಂದ ನಾಲ್ಕು ಜೊತೆಯ ಮಾತು ಬಿಡಿ, ಒಂದು ಕರವಸ್ತ್ರವನ್ನೂ ನಾನು ಕೊಡಿಸುವುದಿಲ್ಲ.

ಬೇಟೆಯ ಕಾನೂನು ನಿಮಗೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲವೂ ಇದೆ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 2025ರ ಯುಗಾದಿ ಹೊತ್ತಿನಲ್ಲಿ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲ ಹಿಡಿದು ಮೆರವಣಿಗೆ ಮಾಡಿದ ವಿಡಿಯೋ ರಾಜ್ಯವೆಲ್ಲ ಸುತ್ತಿತು, ಕೇಸೂ ಆಯಿತು. "ದೊಡ್ಡವರು ಹೆಂಗೋ ಪಾರಾಗ್ತಾರ್ರೀ" ಎಂದು ನಿಮ್ಮಲ್ಲೊಬ್ಬ ಅಂದ. ಅದು ನಿಜವಿದ್ದರೂ ನೀನು ದೊಡ್ಡವನಲ್ಲ ತಮ್ಮಾ. ಮೂರೆಕರೆ ಹೊಲದವನ ಮಗ. ನಾಳೆ ಪೊಲೀಸ್ ಭರ್ತಿಗೋ ಸೈನ್ಯದ ಭರ್ತಿಗೋ ಸಾಲಿನಲ್ಲಿ ನಿಲ್ಲಬೇಕೆಂದು ದಿನಾ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಓಡುತ್ತಿದ್ದೀಯ. ಎರಡು ಕಿಲೋ ಮಾಂಸಕ್ಕೆ ಆ ಓಟವನ್ನೆಲ್ಲ ಅಡವಿಡುತ್ತೀಯಾ?

"ಹಿರ್‍ಯಾರು ಮಾಡ್ಕೊಂಡು ಬಂದಾರ" ಎಂಬ ಮಾತಿಗೂ ಬರುತ್ತೇನೆ. ಹಿರಿಯರ ಲೆಕ್ಕ ತೆಗೆದರೆ ನಮ್ಮ ಸೀಮೆಯದು ಬಹಳ ಹಿಂದಕ್ಕೆ ಹೋಗುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲಿನ ಅಕ್ಷರ ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಮೊದಲು ಸಾಕ್ಷಿ ಹೇಳಿದ್ದು ನಮ್ಮ ಬಂಡೆ. ಶಾಲೆಯಲ್ಲಿ ಇಷ್ಟು ಓದಿದ್ದೀರಿ. ಅದೇ ಅಶೋಕ ಬೇರೆ ಬಂಡೆಗಳ ಮೇಲೆ ಬರೆಸಿದ್ದನ್ನು ಓದಿದವರು ಕಡಿಮೆ. ನಮ್ಮಿಂದ ಬಹಳ ದೂರವಿಲ್ಲದ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಆ ದೊಡ್ಡ ಶಾಸನಗಳಿವೆ. ಹಿಂದಿನ ಅರಸರು ಬೇಟೆಯ ವಿಹಾರಕ್ಕೆ ಹೊರಡುತ್ತಿದ್ದರು, ತಾನು ಪಟ್ಟಾಭಿಷೇಕವಾದ ಹತ್ತನೇ ವರ್ಷದಿಂದ ಆ ವಿಹಾರ ಬಿಟ್ಟು ಧರ್ಮದ ಯಾತ್ರೆಗೆ ಹೊರಟೆ ಎನ್ನುತ್ತಾನೆ. ಅವನು ಅಡುಗೆಮನೆಯ ಗುಟ್ಟನ್ನೂ ಮುಚ್ಚಿಟ್ಟಿಲ್ಲ. ಮೊದಲು ದಿನಕ್ಕೆ ಲಕ್ಷಾಂತರ ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ, ಅದರಲ್ಲೂ ಜಿಂಕೆ ದಿನಾ ಇಲ್ಲ ಎಂದು ಬಂಡೆಯ ಮೇಲೆ ಒಪ್ಪಿಕೊಂಡಿದ್ದಾನೆ. ಆ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ. ಬಿಡುವುದು ಒಂದೇ ದಿನಕ್ಕೆ ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಹಿರಿಯರಲ್ಲಿ ಬೇಟೆ ಆಡಿದವರಿದ್ದಾರೆ, ಬಿಟ್ಟವರೂ ಇದ್ದಾರೆ. ಯಾರ ಹೆಸರು ಹೇಳಬೇಕೆಂದು ನೀವೇ ಆರಿಸಿಕೊಳ್ಳಿ.

ಆದರೂ ಒಂದು ಮಾತನ್ನು ನಾನು ಒಪ್ಪುತ್ತೇನೆ. ಮರೆಯಲ್ಲಿ ಕೂತು ನೋಡುವುದರಲ್ಲಿ ಒಂದು ಸುಖವಿದೆ. ನಾವಿರುವುದು ಗೊತ್ತಾಗದೆ ಒಂದು ಜೀವ ತನ್ನ ಪಾಡಿಗೆ ಇರುವುದನ್ನು ನೋಡುವ ಸುಖ. ನಿಮ್ಮನ್ನು ಎಳೆಯುತ್ತಿರುವುದು ಅದೇ ಇದ್ದರೆ, ಅದಕ್ಕೆ ಸರಿಯಾದ ಬಟ್ಟೆ ನಮ್ಮೂರಲ್ಲೇ ನೇಯುತ್ತಿದ್ದರು: ಕುರುಬರ ಕಂಬಳಿ. ಕರಿ ಉಣ್ಣೆ, ನಡುನಡುವೆ ಬೂದಿ ಎಳೆ, ಹೊಳಪಿಲ್ಲ, ಸಪ್ಪಳವಿಲ್ಲ. ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ತಲೆ, ಭುಜ, ಕೈ ಎಂಬ ಮನುಷ್ಯನ ಆಕಾರವೇ ಕರಗಿ ಹೋಗುತ್ತದೆ. ಮರೆಯಾಗುವುದರಲ್ಲಿ ಬಣ್ಣಕ್ಕಿಂತ ಇದೇ ಮುಖ್ಯ ಎಂದು ನಮಗೆ ತರಬೇತಿಯಲ್ಲಿ ತಿಂಗಳುಗಟ್ಟಲೆ ಹೇಳಿಕೊಟ್ಟರು, ಕುರಿಗಾಹಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಂಡೆಗೆ ಒರಗಿ ಕೂತ ಕುರಿಗಾಹಿಯನ್ನು ಬಂಡೆಯೆಂದೇ ತಿಳಿದು ನಾನು ಎರಡು ಸಲ ಅವನ ಪಕ್ಕದಲ್ಲೇ ಹಾದುಹೋಗಿದ್ದೇನೆ, ಎರಡನೇ ಸಲ ಅವನೇ ಕೆಮ್ಮಿದ. ಕುರಿಯ ವಾಸನೆ ಇರುತ್ತದೆ ನಿಜ, ಆದರೆ ನಮ್ಮ ಗುಡ್ಡದ ಪ್ರಾಣಿಗಳಿಗೆ ಅದು ಹುಟ್ಟಿದಾಗಿನಿಂದ ಪರಿಚಯದ ವಾಸನೆ. ನಿಮ್ಮ ಬಾಡಿ ಸ್ಪ್ರೇ ಹಾಗಲ್ಲ.

ನಾನೀಗ ವಾರಕ್ಕೊಮ್ಮೆ ಹಾಗೆ ಕೂರುತ್ತೇನೆ. ಹೊತ್ತು ಹುಟ್ಟುವ ಮೊದಲು ಗಾಳಿ ಎದುರಿಗೆ ಬರುವಂತೆ ಜಾಗ ಹಿಡಿಯಬೇಕು, ಬೆನ್ನಿಗೆ ಬಂಡೆ ಇರಬೇಕು, ಮೊಬೈಲು ಆರಿಸಿರಬೇಕು. ಹಿಂದಿನ ತಿಂಗಳು ಒಂದು ಮೊಲ ಮೇದು ವಾಪಸು ಬರುವಾಗ ನನ್ನಿಂದ ಹದಿನೈದು ಹೆಜ್ಜೆಯಲ್ಲಿ ನಿಂತು, ಹಿಂಗಾಲಿನ ಮೇಲೆ ಎದ್ದು, ಮುಂಗಾಲಿನಿಂದ ಮುಖ ತೊಳೆದುಕೊಂಡಿತು. ಒಂದು ಕಿವಿಯನ್ನು ಎರಡೂ ಕೈಯಲ್ಲಿ ಎಳೆದು ಬಾಯಿಗೆ ತಂದು ನೆಕ್ಕಿತು, ಆಮೇಲೆ ಇನ್ನೊಂದು. ನಲವತ್ತು ವರ್ಷ ಇದೇ ಊರಿನವನು ನಾನು, ಎಷ್ಟೋ ಮೊಲ ಕೋಲಿಗೆ ಕಟ್ಟಿ ತಂದಿದ್ದೇನೆ, ಮೊಲ ಕಿವಿ ತೊಳೆಯುವುದನ್ನು ನೋಡಿದ್ದು ಅದೇ ಮೊದಲು.

ಬರುವ ಭಾನುವಾರ ಬೆಳಗಿನ ಜಾವ ಐದಕ್ಕೆ ಮಸ್ಕಿ ಗುಡ್ಡದ ಬುಡದಲ್ಲಿ ಇರುತ್ತೇನೆ. ನಾಲ್ವರೂ ಬನ್ನಿ, ಲಿಂಗಸುಗೂರು, ಸಿಂಧನೂರು ಕಡೆಯಿಂದ ಬರುವವರು ರಾತ್ರಿಯೇ ಬಂದರೆ ನಮ್ಮ ಮನೆಯಲ್ಲಿ ಮಲಗಬಹುದು. ಮಾಸಿದ ಅಂಗಿ ಯಾವುದಿದ್ದರೂ ನಡೆಯುತ್ತದೆ, ನೀಲಿ ಮಾತ್ರ ಬೇಡ. ಕಂಬಳಿ ನನ್ನ ಹತ್ತಿರ ಎರಡಿವೆ, ಇನ್ನೆರಡು ಅಕ್ಕಪಕ್ಕ ಕೇಳಿ ತರುತ್ತೇನೆ. ಬಲೆ, ಬಡಿಗೆ ಮನೆಯಲ್ಲೇ ಇರಲಿ. ನಾಯಿಗಳನ್ನು ಕಟ್ಟಿ ಬನ್ನಿ.

ನಿಮ್ಮ ಕಾಕಾ,
ನಿವೃತ್ತ ಹವಾಲ್ದಾರ, ಮಸ್ಕಿ